ಮಧ್ಯಾಹ್ನದ ಗಾಜು, ಸಂಜೆಯ ಗಾಜು

ದಸರೆ-ದೀಪಾವಳಿಯ ಹೊತ್ತಿಗೆ ಮೈಸೂರಿನ ದೇವರಾಜ ಅರಸು ರಸ್ತೆಯಲ್ಲೋ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಲ್ಲೋ ಮಧ್ಯಾಹ್ನ ಎರಡು ಗಂಟೆಗೆ ಓಡಾಡುವವರನ್ನು ಗಮನಿಸಿ. ಬಟ್ಟೆ ಅಂಗಡಿಯ ದೊಡ್ಡ ಗಾಜಿನ ಮುಂದೆ ಬರುತ್ತಲೇ ಒಬ್ಬರು ಕೂದಲು ಸರಿಮಾಡಿಕೊಳ್ಳುತ್ತಾರೆ, ಇನ್ನೊಬ್ಬರು ಸೆರಗು ಎಳೆದುಕೊಳ್ಳುತ್ತಾರೆ, ಮತ್ತೊಬ್ಬರು ಹೊಟ್ಟೆಯನ್ನು ಒಳಗೆಳೆದುಕೊಂಡು ಮುಂದೆ ಹೋಗುತ್ತಾರೆ. ಗಾಜಿನ ಹಿಂದೆ ಹೊಸ ಸೀರೆ ಉಟ್ಟ ಬೊಂಬೆಗಳು ನಿಂತಿವೆ. ಅವುಗಳ ಕಡೆ ಕಣ್ಣು ಹಾಯಿಸಿದವರು ಕಡಿಮೆ. ಅದೇ ಅಂಗಡಿಯ ಮುಂದೆ ಸಂಜೆ ಏಳಕ್ಕೆ ಬಂದು ನಿಂತರೆ ಗಾಜು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಸೀರೆಯ ಅಂಚು, ಬುಟ್ಟಾ, ಅದರ ಮೇಲೆ ಪಿನ್ನು ಚುಚ್ಚಿದ ಬೆಲೆ ಚೀಟಿ ಎಲ್ಲವೂ ನಿಚ್ಚಳ.

ಯಾಕೆ ಹೀಗೆ ಎಂದರೆ ಎಲ್ಲರ ಬಾಯಲ್ಲೂ ಒಂದು ಉತ್ತರ ಸಿದ್ಧವಿರುತ್ತದೆ: "ಒಳಗೆ ಲೈಟ್ ಹಾಕಿರ್ತಾರಲ್ಲ!" ಆದರೆ ಆ ಲೈಟು ಮಧ್ಯಾಹ್ನವೂ ಉರಿಯುತ್ತಿತ್ತು. ಗಾಜು ಅದೇ, ಬೊಂಬೆ ಅದೇ, ಬಲ್ಬೂ ಅದೇ. ಬದಲಾದದ್ದು ಅಂಗಡಿಯ ಹೊರಗಿನ ಬೀದಿ.

ಹಬ್ಬದ ಷೋಕೇಸ್ ಹೇಗಿದೆ ಎಂದು ತೂಗಿ ನೋಡುವಾಗ ಹೆಚ್ಚಿನವರು ಅದರ ಬಣ್ಣ, ಅದರೊಳಗಿನ ಕಥೆ, ಮಾಡಿಸಲು ಬಿದ್ದ ಖರ್ಚು ಇಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ನನ್ನನ್ನು ಕೇಳಿದರೆ ಮೊದಲ ಅಂಕ ಕೊಡಬೇಕಾದದ್ದು ನಡುವಿನ ಗಾಜಿಗೆ. ಕಲಾವಿದ ಒಳಗೆ ಏನನ್ನೇ ಜೋಡಿಸಿಟ್ಟಿರಲಿ, ಅದರಲ್ಲಿ ಎಷ್ಟನ್ನು ದಾಟಿಸಬೇಕು, ಎಷ್ಟರ ಮೇಲೆ ಬೀದಿಯನ್ನು ಬಳಿಯಬೇಕು ಎಂಬ ತೀರ್ಮಾನ ಗಾಜಿನ ಕೈಯಲ್ಲಿದೆ.

ನೂರರಲ್ಲಿ ಎಂಟು

ಬೆಳಕು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಗಾಜಿನೊಳಗೆ ಹೊಕ್ಕರೆ ಅದರ ವೇಗ 2 ಲಕ್ಷಕ್ಕೆ ಇಳಿಯುತ್ತದೆ. ಹೀಗೆ ವೇಗ ಥಟ್ಟನೆ ಬದಲಾಗುವ ಗಡಿಯಲ್ಲೆಲ್ಲ ಒಂದಷ್ಟು ಬೆಳಕು ಬಂದ ದಾರಿಗೇ ತಿರುಗುತ್ತದೆ. ನೇರವಾಗಿ ಬಂದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲು ಗಾಜಿನ ಮುಂದಿನ ಮುಖದಿಂದಲೇ ಹಿಂದಿರುಗುತ್ತದೆ. ಒಳಹೊಕ್ಕ ಬೆಳಕು ಗಾಜನ್ನು ದಾಟಿ ಮತ್ತೆ ಗಾಳಿಗೆ ಇಳಿಯುವಾಗ ಇನ್ನೊಂದು ಗಡಿ ಸಿಗುತ್ತದೆ. ಅಲ್ಲಿಂದಲೂ ಹತ್ತಿರ ಹತ್ತಿರ ನಾಲ್ಕು ಪಾಲು ವಾಪಸ್ಸಾಗುತ್ತದೆ. ಒಟ್ಟು ನೂರಕ್ಕೆ ಎಂಟು.

ಎಷ್ಟು ತಿಕ್ಕಿ ತೊಳೆದರೂ ಈ ಎಂಟು ಹೋಗುವುದಿಲ್ಲ; ಇದು ಕೊಳೆಯಿಂದ ಬಂದದ್ದಲ್ಲ. ದುಬಾರಿ ಗಾಜೂ ಅಗ್ಗದ ಗಾಜೂ ಇದರಲ್ಲಿ ಸರಿಸುಮಾರು ಒಂದೇ. ಹಗಲಾಗಲಿ ಇರುಳಾಗಲಿ, ಬೀದಿಯಿಂದ ಬಂದ ಬೆಳಕಿನಲ್ಲಿ ಎಂಟು ಪಾಲನ್ನು ಗಾಜು ಬೀದಿಗೇ ಮರಳಿಸುತ್ತಿರುತ್ತದೆ. ಹೀಗೆ ಮರಳುವ ಬೆಳಕನ್ನು ಮರುಬೆಳಕು ಎನ್ನೋಣ. ಒಳಗಿನ ಸೀರೆಯ ಮೇಲೆ ಬಿದ್ದು ಗಾಜು ದಾಟಿ ನಮ್ಮ ಕಣ್ಣಿಗೆ ಬರುವುದು ಒಳಬೆಳಕು. ಅಂಗಡಿಯ ಗಾಜಿನ ಯಾವುದೇ ಜಾಗದಿಂದ ನಮ್ಮ ಕಣ್ಣಿಗೆ ಈ ಎರಡೂ ಒಟ್ಟಿಗೇ, ಒಂದರ ಮೇಲೊಂದು ಬಂದು ಬೀಳುತ್ತವೆ.

ಎರಡು ಬೆಳಕಿನ ಪಂದ್ಯ

ಈಗ ಸ್ವಲ್ಪ ಲೆಕ್ಕ ಮಾಡೋಣ. ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ ಲಕ್ಸ್. ಮೋಡವಿಲ್ಲದ ಮಧ್ಯಾಹ್ನ ಬಯಲಿನಲ್ಲಿ ಬೀಳುವ ಬಿಸಿಲು ಸುಮಾರು 1 ಲಕ್ಷ ಲಕ್ಸ್. ನೆಟ್ಟಗೆ ನಿಂತ ಗೋಡೆಗೆ ಬಿಸಿಲು ಓರೆಯಾಗಿ ತಾಗುವುದರಿಂದ ಅದರರ್ಧ, 50 ಸಾವಿರ ಎಂದಿಟ್ಟುಕೊಳ್ಳೋಣ. ಅಂಗಡಿಯ ಎದುರಿಗೆ ಅಂಥದೊಂದು ಬಿಳಿ ಗೋಡೆಯಿದೆ. ಅದರ ಬೆಳಕಿನಲ್ಲಿ ಎಂಟು ಪಾಲನ್ನು ಗಾಜು ಮರಳಿಸಿದರೆ, 4 ಸಾವಿರ ಲಕ್ಸ್ ಬೆಳಕಿನಲ್ಲಿ ನಿಂತ ಗೋಡೆಯಷ್ಟು ಹೊಳಪಿನ ಚಿತ್ರ ಗಾಜಿನಲ್ಲಿ ಮೂಡುತ್ತದೆ. ಒಳಗಡೆ ಒಳ್ಳೆಯ ಷೋಕೇಸ್ ಒಂದರಲ್ಲಿ ಸೀರೆಯ ಮೇಲೆ ಬೀಳುವ ಬೆಳಕು 1 ಸಾವಿರ ಲಕ್ಸ್. ಓದುವ ಮೇಜಿಗೆ 500 ಲಕ್ಸ್ ಸಾಕು ಎನ್ನುವುದನ್ನು ನೆನೆದರೆ ಇದು ಧಾರಾಳವೇ. ಆದರೂ ಮಧ್ಯಾಹ್ನದಲ್ಲಿ ಬೀದಿಗೆ ನಾಲ್ಕು, ಸೀರೆಗೆ ಒಂದು.

ಸೂರ್ಯ ಮುಳುಗಲಿ. ದೀಪದ ಕಂಬಗಳಿರುವ ಬೀದಿಯಲ್ಲಿ 20 ಲಕ್ಸ್ ಇದ್ದರೆ ಹೆಚ್ಚು. ಅದರಲ್ಲಿ ನೂರಕ್ಕೆ ಎಂಟು ಎಂದರೆ ಎರಡು ಲಕ್ಸ್ ಕೂಡ ಆಗುವುದಿಲ್ಲ. ಒಳಗಿನ 1 ಸಾವಿರ ಹಾಗೆಯೇ ಇದೆ. ಈಗ ಸೀರೆ ಗೆದ್ದಿರುವುದು ಆರುನೂರು ಪಟ್ಟು. ಬಲ್ಬಿನ ಸ್ವಿಚ್ಚನ್ನು ಯಾರೂ ಮುಟ್ಟಿಲ್ಲ.

ಕಣ್ಣು ಬೆಳಕನ್ನು ತಕ್ಕಡಿಯಲ್ಲಿಟ್ಟು ತೂಗುವುದಿಲ್ಲ. ಪಕ್ಕದ ಬೆಳಕಿನೊಡನೆ ಹೋಲಿಸಿ ನೋಡುತ್ತದೆ. ಧಾರೆಯ ಹೊತ್ತಿನಲ್ಲಿ ಗಟ್ಟಿಮೇಳ ಶುರುವಾದರೆ ಪಕ್ಕದಲ್ಲಿದ್ದವರ ಮಾತು ಕೇಳಿಸುವುದಿಲ್ಲ. ಅವರು ದನಿ ತಗ್ಗಿಸಿರುವುದಿಲ್ಲ, ಆದರೂ ಕೇಳಿಸುವುದಿಲ್ಲ. ಮೇಳ ನಿಂತ ಕ್ಷಣಕ್ಕೆ ಅದೇ ಮಾತು ಇಡೀ ಮಂಟಪಕ್ಕೆ ಕೇಳಿ ಆಡಿದವರು ನಾಚಿಕೊಳ್ಳುವುದೂ ಉಂಟು. ಮಧ್ಯಾಹ್ನದ ಬೀದಿ ಷೋಕೇಸಿನ ಪಾಲಿಗೆ ಗಟ್ಟಿಮೇಳ.

ರಾತ್ರಿ ಬಸ್ಸಿನಲ್ಲಿ ಇದೇ ಪಂದ್ಯ ತಿರುವುಮುರುವಾಗಿ ನಡೆಯುತ್ತದೆ. ಒಳಗೆ ಲೈಟು, ಹೊರಗೆ ಕತ್ತಲೆ. ಕಿಟಕಿಯ ಗಾಜಿನಲ್ಲಿ ನಮ್ಮ ಮುಖವೇ ಕಾಣುತ್ತದೆ. ಕಂಡಕ್ಟರು ಟಿಕೆಟ್ ಕೊಟ್ಟು ಮುಗಿಸುತ್ತಲೇ ಡ್ರೈವರು ಒಳಗಿನ ಲೈಟು ಆರಿಸುವುದಕ್ಕೆ ಪ್ರಯಾಣಿಕರ ನಿದ್ದೆಯಷ್ಟೇ ಕಾರಣವಲ್ಲ. ಆರಿಸದಿದ್ದರೆ ಮುಂದಿನ ಗಾಜಿನಲ್ಲಿ ರಸ್ತೆಯ ಜೊತೆಗೆ ಸೀಟುಗಳೂ ಕಾಣತೊಡಗುತ್ತವೆ.

ಇದರಿಂದ ಹೊರಡುವ ಒಂದು ಸಂಗತಿ ಮೊದಲ ಸಲ ಕೇಳಿದವರಿಗೆ ವಿಚಿತ್ರವೆನ್ನಿಸುತ್ತದೆ. ಬಿಸಿಲು ಬೀಳುವ ಬದಿಯ ಅಂಗಡಿಗಿಂತ ನೆರಳಿನ ಬದಿಯ ಅಂಗಡಿಗೆ ಗಾಜಿನ ಕಾಟ ಹೆಚ್ಚು. ಅದು ತಾನು ನೆರಳಿನಲ್ಲಿ ನಿಂತು ಎದುರಿನ ಬಿಸಿಲು ಗೋಡೆಗೆ ಮುಖಮಾಡಿರುತ್ತದೆ. ದೀಪಾವಳಿಯ ಹೊತ್ತಿಗೆ ನಮ್ಮಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ಹಾಗಾಗಿ ಪೂರ್ವ-ಪಶ್ಚಿಮವಾಗಿ ಹಾದ ರಸ್ತೆಯಲ್ಲಿ ಉತ್ತರಕ್ಕೆ ಬಾಗಿಲಿರುವ ಅಂಗಡಿ ಮಧ್ಯಾಹ್ನವಿಡೀ ಈ ಸಂಕಟದಲ್ಲಿರುತ್ತದೆ. ಅಂಗಡಿಗೆ ವಾಸ್ತು ನೋಡುವವರು ಇದನ್ನು ನೋಡುತ್ತಾರೋ ಇಲ್ಲವೋ!

ನಾಲ್ಕೂವರೆಗೆ ಕತ್ತಲಾಗುವ ಊರು

ಹಬ್ಬದ ಷೋಕೇಸುಗಳನ್ನು ಜಾತ್ರೆಗೆ ಹೋದ ಹಾಗೆ ಜನ ಮಕ್ಕಳುಮರಿ ಕಟ್ಟಿಕೊಂಡು ನೋಡಲು ಹೋಗುವ ಊರೆಂದರೆ ನ್ಯೂಯಾರ್ಕ್. 1874ರಲ್ಲಿ ಮೇಸೀಸ್ ಅಂಗಡಿ ತನ್ನ ಕ್ರಿಸ್‌ಮಸ್ ಕಿಟಕಿಯಲ್ಲಿ ನಾನಾ ದೇಶಗಳ ಪಿಂಗಾಣಿ ಬೊಂಬೆಗಳನ್ನೂ 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿಯ ದೃಶ್ಯಗಳನ್ನೂ ಜೋಡಿಸಿತು. ಎಡಿಸನ್ನನ ಬಲ್ಬು ಉರಿಯಲು ಆಗ ಇನ್ನೂ ಐದು ವರ್ಷ ಬಾಕಿಯಿತ್ತು. 1897ರಲ್ಲಿ ಷಿಕಾಗೋದಲ್ಲಿ ಷೋಕೇಸ್ ಜೋಡಿಸುವವರಿಗೆಂದೇ 'ದಿ ಷೋ ವಿಂಡೋ' ಎಂಬ ಮಾಸಿಕ ಹೊರಟಿತು. ಅದರ ಸಂಪಾದಕ ಎಲ್. ಫ್ರಾಂಕ್ ಬಾಮ್ 1900ರಲ್ಲಿ ಈ ಕಸುಬಿನ ಮೇಲೊಂದು ಪುಸ್ತಕ ತಂದ. ಅದೇ ವರ್ಷ ಬಂದ ಅವನ ಇನ್ನೊಂದು ಪುಸ್ತಕ 'ದಿ ವಂಡರ್‌ಫುಲ್ ವಿಜರ್ಡ್ ಆಫ್ ಆಜ್' ಅವನನ್ನು ಲೋಕಪ್ರಸಿದ್ಧನನ್ನಾಗಿ ಮಾಡಿ ಮೊದಲಿನದನ್ನು ಮರೆಸಿಬಿಟ್ಟಿತು.

ನ್ಯೂಯಾರ್ಕಿನ ಈ ಪರಂಪರೆ ಡಿಸೆಂಬರಿನಲ್ಲಿ ಬೆಳೆದದ್ದಕ್ಕೆ ಕ್ರಿಸ್ತ ಜಯಂತಿ ಕಾರಣ, ನಿಜ. ಆದರೆ ಬೆಳಕಿನ ಲೆಕ್ಕವೂ ಆ ತಿಂಗಳ ಪರವಾಗಿಯೇ ಇದೆ. ಆ ಊರು ಭೂಮಧ್ಯರೇಖೆಯಿಂದ ಸುಮಾರು 41 ಡಿಗ್ರಿ ಉತ್ತರದಲ್ಲಿದೆ. ಡಿಸೆಂಬರಿನ ಕೊನೆಯಲ್ಲಿ ನಡುಮಧ್ಯಾಹ್ನಕ್ಕೂ ಸೂರ್ಯ ದಿಗಂತದಿಂದ 26 ಡಿಗ್ರಿ ಮೇಲೇರುವುದಿಲ್ಲ. ಇಕ್ಕೆಲಗಳಲ್ಲಿ ಎತ್ತರದ ಕಟ್ಟಡಗಳಿರುವ ಫಿಫ್ತ್ ಅವೆನ್ಯೂವಿನಲ್ಲಿ ಅಷ್ಟು ತಗ್ಗಿನ ಸೂರ್ಯ ಬೀದಿಯ ತಳಕ್ಕೆ ಇಳಿಯುವುದೇ ಅಪರೂಪ. ಸಂಜೆ ನಾಲ್ಕೂವರೆಗೆ ಸೂರ್ಯಾಸ್ತ. ಆಫೀಸು ಬಿಟ್ಟು ಜನ ಬೀದಿಗಿಳಿಯುವಷ್ಟರಲ್ಲಿ ಗಾಜು ಮಾಯವಾಗಿರುತ್ತದೆ. ಅದೇ ಷೋಕೇಸನ್ನು ಜೂನ್ ತಿಂಗಳಲ್ಲಿ, ಎಂಟೂವರೆಯವರೆಗೂ ಹಗಲಿರುವಾಗ ಇಟ್ಟಿದ್ದರೆ ಮನೆಗೆ ಹೊರಟ ಜನ ಅದರಲ್ಲಿ ತಮ್ಮ ಟೈ ಸರಿಮಾಡಿಕೊಳ್ಳುತ್ತಿದ್ದರು. ನಮ್ಮ ದೀಪಾವಳಿಯಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ. ಅಮಾವಾಸ್ಯೆಯ ಕತ್ತಲೆ ಅಂಗಡಿಗಳಿಗೆ ಅನುಕೂಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸಿನಷ್ಟು. ಬೀದಿ ದೀಪದ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಫಿಫ್ತ್ ಅವೆನ್ಯೂವಿನಲ್ಲಿದ್ದ ಲಾರ್ಡ್ ಅಂಡ್ ಟೇಲರ್ ಅಂಗಡಿ 1938ರ ಕ್ರಿಸ್‌ಮಸ್ಸಿಗೆ ಮಾಡಿದ ಕೆಲಸವನ್ನು ಈ ಕಸುಬಿನವರು ಇಂದಿಗೂ ನೆನೆಯುತ್ತಾರೆ. ಕಿಟಕಿಯಿಂದ ಮಾರಾಟದ ಸರಕನ್ನೆಲ್ಲ ತೆಗೆದುಹಾಕಿ ಚಿನ್ನದ ಬಣ್ಣದ ದೊಡ್ಡ ಗಂಟೆಗಳನ್ನು ತೂಗುಬಿಟ್ಟರು. ಗಂಟೆಗಳು ಓಲಾಡುತ್ತಿದ್ದವು, ಮುದ್ರಿಸಿಟ್ಟ ಘಂಟಾನಾದ ಬೀದಿಗೆ ಕೇಳುತ್ತಿತ್ತು. ಸರಕಿಲ್ಲದ ಷೋಕೇಸ್ ಎಂಬ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹೆಚ್ಚು ಮೆಚ್ಚುಗೆಯಾಗುವುದು ಬೆಳಕಿನ ಜಾಣ್ಮೆ. ಬಟ್ಟೆ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲಿಬಿಡುತ್ತದೆ. ಅದರಲ್ಲಿ ನಮ್ಮ ಕಣ್ಣಿಗೆ ಸಿಗುವುದು ಚೂರೇ ಚೂರು. ನುಣುಪಾದ ಗಂಟೆ ಹಾಗಲ್ಲ, ಬಲ್ಬಿನ ಹೊಳಪನ್ನು ಇಡಿಯಾಗಿ ಒಂದೇ ದಿಕ್ಕಿಗೆ ಎಸೆಯುತ್ತದೆ. ಆ ಹೊಳೆಯುವ ಚುಕ್ಕೆ ಹಗಲಿನ ಮರುಬೆಳಕನ್ನೂ ಸೀಳಿಕೊಂಡು ಬರುವಷ್ಟು ಪ್ರಖರ. ಜೊತೆಗೆ ಗಂಟೆ ಓಲಾಡುವಾಗ ಚುಕ್ಕೆಯೂ ಜಾರುತ್ತದೆ. ಕಣ್ಣಂಚಿಗೆ ಅಕ್ಷರ ಓದಲು ಬಾರದಿದ್ದರೂ ಅಲುಗಾಟವನ್ನು ಅದು ತಪ್ಪದೆ ಹಿಡಿಯುತ್ತದೆ.

ಮೈಸೂರು ಸಿಲ್ಕಿನ ಜರಿಯಂಚಿನದೂ ಇದೇ ಗುಟ್ಟು. ಮಧ್ಯಾಹ್ನದ ಷೋಕೇಸಿನಲ್ಲಿ ಸೀರೆಯ ಮೈಬಣ್ಣ ಬೀದಿಯ ಪ್ರತಿಬಿಂಬದಲ್ಲಿ ಕಲಸಿಹೋದರೂ ಜರಿ ಮಾತ್ರ ಮಿಂಚುತ್ತಿರುತ್ತದೆ. ಅನುಭವಿ ಅಂಗಡಿಯವರು ಸೆರಗನ್ನು ಗಾಜಿನ ಕಡೆಗೆ ಹರಡಿ, ನೆರಿಗೆಯನ್ನು ಹಿಂದಕ್ಕೆ ಬಿಡುವುದನ್ನು ನೀವೂ ನೋಡಿರಬಹುದು.

ಕಪ್ಪು ವೆಲ್ವೆಟ್ಟಿನ ಎಡವಟ್ಟು

ಪಂದ್ಯ ಇಡೀ ಗಾಜಿಗೆ ಒಂದೇ ಸಲ ನಡೆಯುವುದಿಲ್ಲ. ಅಂಗುಲ ಅಂಗುಲಕ್ಕೂ ಬೇರೆ ಬೇರೆಯಾಗಿ ನಡೆಯುತ್ತದೆ. ಬಿಳಿ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಹೊರಕ್ಕೆ ಕಳಿಸಿದರೆ ಕಪ್ಪು ವೆಲ್ವೆಟ್ ಒಂದೆರಡು ಪಾಲನ್ನಷ್ಟೇ ಕಳಿಸುತ್ತದೆ. ಹಾಗಾಗಿ ಹಿನ್ನೆಲೆಗೆ ಕಪ್ಪು ಪರದೆ ಕಟ್ಟಿದ ಷೋಕೇಸಿನಲ್ಲಿ ಹಗಲು ಹೊತ್ತು ಪರದೆಯಿದ್ದ ಕಡೆಯೆಲ್ಲ ಬೀದಿಯೇ ಬೀದಿ. ನಿಲುವುಗನ್ನಡಿ ಮಾಡುವವರು ಗಾಜಿನ ಹಿಂದೆ ಬೆಳಕು ಬಾರದಂತೆ ಮಾಡುತ್ತಾರಲ್ಲ, ಇಲ್ಲಿ ಅಂಗಡಿಯವರೇ ಕೈಯಾರೆ ಅದಕ್ಕೆ ಸಮೀಪದ ಕೆಲಸ ಮಾಡಿಟ್ಟಿರುತ್ತಾರೆ. ಒಡವೆಗಳನ್ನು ಕಪ್ಪಿನ ಮೇಲಿಟ್ಟರೆ ಎದ್ದು ಕಾಣುತ್ತವೆ ಎಂಬುದು ಅಂಗಡಿಯ ಒಳಗಿನ ಮಟ್ಟಿಗೆ ನಿಜ, ರಾತ್ರಿಯ ಮಟ್ಟಿಗೂ ನಿಜ. ಮಧ್ಯಾಹ್ನದ ಬೀದಿಗೆ ಮುಖಮಾಡಿದ ಗಾಜಿಗೆ ಮಾತ್ರ ಹೊಂದುವುದಿಲ್ಲ. ಒಂದೇ ಷೋಕೇಸನ್ನು ಹಗಲಿಗೂ ಇರುಳಿಗೂ ಒಪ್ಪಿಸಬೇಕಾದವರು ತಿಳಿಬಣ್ಣದ ಹಿನ್ನೆಲೆ ಆರಿಸಿದರೆ ಅರ್ಧ ಗೆದ್ದಂತೆ.

ಬೆಳಕನ್ನು ಎಲ್ಲಿ ಬೀಳಿಸುತ್ತಾರೆ ಎನ್ನುವುದನ್ನೂ ನೋಡಬೇಕು. ನಮ್ಮ ಎಷ್ಟೋ ಅಂಗಡಿಗಳಲ್ಲಿ ಷೋಕೇಸಿನ ಚಾವಣಿಗೆ ಸಾಲಾಗಿ ಲೈಟು ಹಾಕಿ ಕೆಳಕ್ಕೆ ತಿರುಗಿಸಿರುತ್ತಾರೆ. ಬೊಂಬೆಯ ನೆತ್ತಿ ಬೆಳಗುತ್ತದೆ, ನೆಲ ಫಳಫಳ ಎನ್ನುತ್ತದೆ, ಮಾರಬೇಕಾದ ಸೀರೆ ಬೊಂಬೆಯ ಎದೆಯ ಕೆಳಗೆ ನೆರಳಿನಲ್ಲಿ ನೇತಾಡುತ್ತದೆ. ನಮ್ಮ ಕಣ್ಣಿಗೆ ಎದುರಾಗುವುದು ನೆಟ್ಟಗೆ ನಿಂತ ಮೈ. ಗಾಜಿನ ಮೇಲಂಚಿನ ಹಿಂದೆಯೇ, ಬೀದಿಗೆ ಕಾಣದಂತೆ ಲೈಟು ಕೂರಿಸಿ ಒಳಮುಖವಾಗಿ ಓರೆ ಮಾಡಿದರೆ ಅದೇ ಕರೆಂಟಿನಲ್ಲಿ ಒಳಬೆಳಕು ಎಷ್ಟೋ ಹೆಚ್ಚುತ್ತದೆ. ವ್ಯಾಟ್ ಎಷ್ಟು ಎಂದು ಕೇಳಿ ಅಂಕ ಕೊಡುವವರು ಈ ವ್ಯತ್ಯಾಸವನ್ನು ಹಿಡಿಯಲಾರರು.

ಅಂಗಡಿ ಮುಚ್ಚಿದಾಗ ಒಳಗೇನಿದೆ ಎಂದು ಇಣುಕುವವರು ಎರಡೂ ಅಂಗೈಗಳನ್ನು ಕಣ್ಣಿನ ಪಕ್ಕ ಮರೆಮಾಡಿ ಹಣೆಯನ್ನು ಗಾಜಿಗೆ ಒತ್ತುತ್ತಾರೆ. ಯಾರೂ ಕಲಿಸಿಕೊಡದಿದ್ದರೂ ಮಕ್ಕಳಿಗೂ ಗೊತ್ತಿರುವ ಉಪಾಯ ಇದು. ಅವರು ಮಾಡುವುದಿಷ್ಟೇ: ಆ ಜಾಗಕ್ಕೆ ಬೀದಿಯ ಬೆಳಕು ತಲುಪದಂತೆ ತಡೆಯುತ್ತಾರೆ. ಮರುಬೆಳಕು ಸೊನ್ನೆಗೆ ಇಳಿಯುತ್ತದೆ, ಮಂದವಾದ ಒಳಬೆಳಕೂ ಗೆಲ್ಲುತ್ತದೆ. ಕೈ ಅಡ್ಡ ಇಡದಿದ್ದರೂ ನಮ್ಮ ಮೈ ಸ್ವಲ್ಪ ಮಟ್ಟಿಗೆ ಈ ಕೆಲಸ ಮಾಡುತ್ತದೆ. ಬಿಸಿಲು ಬೆನ್ನಿಗಿದ್ದರೆ ಗಾಜಿಗೆ ಕಾಣುವ ನಮ್ಮ ಮುಂಭಾಗ ನೆರಳಿನಲ್ಲಿರುತ್ತದೆ. ಆಗ ಗಾಜಿನಲ್ಲಿ ನಮ್ಮ ಆಕಾರದ ಒಂದು ಕಪ್ಪು ಕಂಡಿ ತೆರೆದುಕೊಳ್ಳುತ್ತದೆ. ಆ ಕಂಡಿಯೊಳಗೆ ಸೀರೆ ಸ್ಪಷ್ಟ, ಅದರ ಸುತ್ತ ಬೀದಿ. ಮುಂದಿನ ಸಲ ನಿಂತು ನೋಡಿ, ನಿಮ್ಮ ಭುಜದ ಗೆರೆಯಲ್ಲಿ ಸೀರೆಯ ಬಣ್ಣ ಥಟ್ಟನೆ ಬದಲಾಗುತ್ತದೆ. ಡಿಸೆಂಬರಿನ ನ್ಯೂಯಾರ್ಕಿನಲ್ಲಿ ಕಪ್ಪು ಕೋಟು ತೊಟ್ಟ ಜನ ಷೋಕೇಸಿನ ಮುಂದೆ ಗುಂಪುಗೂಡಿದರೆ ಗುಂಪೇ ಒಂದು ಪರದೆಯಾಗಿ ನಿಲ್ಲುತ್ತದೆ. ಖಾಲಿ ಫುಟ್‌ಪಾತಿಗಿಂತ ಜನಸಂದಣಿಯ ಮುಂದೆ ಷೋಕೇಸ್ ಚೆನ್ನಾಗಿ ಕಾಣುವುದು ಹೀಗೆ.

ನಡೆದು ಬರುವವರ ಕಣ್ಣು

ಇಷ್ಟು ಹೊತ್ತು ಗಾಜಿಗೆ ಎದುರಾಗಿ ನಿಂತವರ ಮಾತಾಯಿತು. ನಿಂತವರು ಆಗಲೇ ಬಲೆಗೆ ಬಿದ್ದವರು. ಷೋಕೇಸಿಗೆ ಬೇಕಾದದ್ದು ಫುಟ್‌ಪಾತಿನ ಮೇಲೆ ಎಲ್ಲಿಗೋ ಹೊರಟು ಮುಂದೆ ನೋಡುತ್ತ ನಡೆಯುವವರು. ಅವರ ನೋಟ ಗಾಜನ್ನು ಸವರಿಕೊಂಡು ಓರೆಯಾಗಿ ಹೋಗುತ್ತದೆ. ನೋಟ ಓರೆಯಾದಷ್ಟೂ ಮರುಬೆಳಕಿನ ಪಾಲು ಏರುತ್ತದೆ. ನೇರ ನೋಟದಿಂದ 60 ಡಿಗ್ರಿ ವಾಲಿದರೆ ನೂರಕ್ಕೆ ಎಂಟು ಇದ್ದದ್ದು ಹದಿನೈದಾಗುತ್ತದೆ. 75 ಡಿಗ್ರಿಗೆ ನಲವತ್ತರ ಹತ್ತಿರ. 80 ದಾಟಿದರೆ ಅರ್ಧಕ್ಕಿಂತ ಹೆಚ್ಚು. ಏರಿಕೆ ಮೊದಲು ನಿಧಾನ, ಕೊನೆಗೆ ಕಡಿದು.

ಎಂದರೆ ದೂರದಿಂದ ನಡೆದು ಬರುವವರ ಪಾಲಿಗೆ ಸಾಲು ಅಂಗಡಿಗಳ ಗಾಜೆಲ್ಲ ಕನ್ನಡಿಯೇ. ಅಂಗಡಿಯ ಎದುರು ಬಂದು ತಲೆ ತಿರುಗಿಸಿದಾಗ ಮಾತ್ರ ಒಳಗಿರುವುದು ಕಾಣುತ್ತದೆ. ಆದರೆ ಒಳಗೆ ಏನೋ ಇದೆ ಎಂದು ಮೊದಲೇ ಗೊತ್ತಾಗದೆ ತಲೆ ಯಾಕೆ ತಿರುಗೀತು? ಹಳೆಯ ಅಂಗಡಿಗಳು ಇದಕ್ಕೊಂದು ದಾರಿ ಕಂಡುಕೊಂಡಿದ್ದವು. ಬಾಗಿಲನ್ನು ಒಳಕ್ಕೆ ತೆಗೆದುಕೊಂಡು, ಅದರ ಎರಡೂ ಬದಿಗೆ ಗಾಜನ್ನು ಓರೆಯಾಗಿ ನಿಲ್ಲಿಸುತ್ತಿದ್ದರು. ನಡೆದು ಬರುವವರಿಗೆ ಎರಡರಲ್ಲಿ ಒಂದು ಗಾಜಾದರೂ ಎದುರಾಗುತ್ತಿತ್ತು, ಮೇಲಿನ ಚಾವಣಿ ನೆರಳನ್ನೂ ಕೊಡುತ್ತಿತ್ತು. ಇಂದಿನ ಮಾಲುಗಳು ಒಂದಡಿ ನೆಲವನ್ನೂ ಬಿಡದೆ ಗಾಜನ್ನು ಅಂಚಿಗೆ ತಂದು ನಿಲ್ಲಿಸಿದ್ದರಿಂದ ಆ ವಿನ್ಯಾಸ ಮರೆಯಾಗಿದೆ. ಮಾಲಿನ ಒಳಗೆ ಬಿಸಿಲಿಲ್ಲವಾದ್ದರಿಂದ ಅಲ್ಲಿ ಹೇಗೋ ನಡೆಯುತ್ತದೆ. ಬೀದಿಬದಿಯ ಅಂಗಡಿಯೂ ಮಾಲನ್ನು ನೋಡಿ ಅನುಕರಿಸುವುದು ಮಾತ್ರ ಅರ್ಥವಾಗದ ಸಂಗತಿ.

ಫೋಟೋ ನೋಡಿ ಅಂಕ ಕೊಡಬಾರದು

ಷೋಕೇಸಿನ ಫೋಟೋ ತೆಗೆದವರಿಗೆಲ್ಲ ಒಂದು ಅನುಭವ ಆಗಿರುತ್ತದೆ. ಕಣ್ಣಿಗೆ ಚೆನ್ನಾಗಿಯೇ ಕಂಡ ಬೊಂಬೆ ಮೊಬೈಲ್ ಫೋಟೋದಲ್ಲಿ ಆಟೋ, ಕರೆಂಟ್ ಕಂಬ, ಫೋಟೋ ತೆಗೆದವರ ಮೊಣಕೈ ಇವುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಮೊಬೈಲಿನ ಸಂವೇದಕಕ್ಕೂ ಕಣ್ಣಿಗೂ ಬಂದ ಬೆಳಕು ಒಂದೇ. ವ್ಯತ್ಯಾಸ ಇರುವುದು ಆಳದಲ್ಲಿ. ಬೊಂಬೆ ಗಾಜಿನಿಂದ ಒಂದು ಮೀಟರ್ ಹಿಂದಿದೆ. ಎದುರು ಕಟ್ಟಡ ಗಾಜಿನಿಂದ ಇಪ್ಪತ್ತು ಮೀಟರ್ ದೂರದಲ್ಲಿದ್ದರೆ ಅದರ ಬಿಂಬ ಗಾಜಿನ ಹಿಂದೆ ಇಪ್ಪತ್ತು ಮೀಟರಿನಷ್ಟು ಆಳದಲ್ಲಿ ನಿಂತಂತೆ ಕಾಣುತ್ತದೆ. ನಮ್ಮ ಎರಡು ಕಣ್ಣುಗಳಿಗೆ ಕಾಣುವ ಎರಡು ನೋಟಗಳ ಕೊಂಚ ವ್ಯತ್ಯಾಸದಿಂದ ಮಿದುಳು ಈ ಎರಡು ಆಳಗಳನ್ನು ಬೇರ್ಪಡಿಸಿ, ಒಂದರ ಮೇಲೆ ಗಮನವಿಟ್ಟು ಇನ್ನೊಂದನ್ನು ಹಿಂದಕ್ಕೆ ತಳ್ಳಬಲ್ಲದು. ಒಂದು ಕಣ್ಣು ಮುಚ್ಚಿ ನೋಡಿದರೆ ಗಲಿಬಿಲಿ ಹೆಚ್ಚುತ್ತದೆ. ಫೋಟೋ ಎಂದರೆ ಒಂಟಿ ಕಣ್ಣಿನ ನೋಟ, ಅದೂ ಚಪ್ಪಟೆ ಹಾಳೆಯ ಮೇಲೆ.

ಇದರಲ್ಲೊಂದು ತಮಾಷೆಯೂ ಇದೆ. ಬೊಂಬೆ ಗಾಜಿನಿಂದ ಎಷ್ಟು ಹಿಂದಿದೆಯೋ ಅಷ್ಟೇ ಮುಂದೆ ನಾವು ನಿಂತರೆ ನಮ್ಮ ಬಿಂಬ ಸರಿಯಾಗಿ ಬೊಂಬೆಯ ಆಳಕ್ಕೇ ಹೋಗಿ ನಿಲ್ಲುತ್ತದೆ. ಬೇರ್ಪಡಿಸಲು ಮಿದುಳಿಗೆ ಆಧಾರವಿಲ್ಲ. ಎತ್ತರವೂ ಹೊಂದಿದರೆ ಬೊಂಬೆಯ ಕುತ್ತಿಗೆಯ ಮೇಲೆ ನಮ್ಮ ತಲೆ! ಟ್ರಯಲ್ ರೂಮಿಗೆ ಹೋಗದೆಯೇ ಬಟ್ಟೆ ಹಾಕಿ ನೋಡಿದಂತಾಗುತ್ತದೆ. ತಲೆಯಿಲ್ಲದ ಬೊಂಬೆ ಇಡುವವರು ಇದನ್ನು ಯೋಚಿಸಿಯೇ ಇಟ್ಟಿದ್ದರೆ ಅವರಿಗೆ ನನ್ನ ಪೂರ್ಣ ಅಂಕ.

ಕ್ಯಾಮೆರಾದ ಈ ಗುಣವನ್ನೇ ಕಲೆಯಾಗಿಸಿದವರಿದ್ದಾರೆ. ಯೂಜೀನ್ ಅಟ್ಜೆ 1920ರ ದಶಕದ ನಡುವೆ ಪ್ಯಾರಿಸ್ಸಿನ ಅವೆನ್ಯೂ ದೆ ಗೊಬ್ಲಾಂ ರಸ್ತೆಯ ಅಂಗಡಿ ಕಿಟಕಿಗಳನ್ನು ಸೆರೆಹಿಡಿದಾಗ ನಗುವ ಬೊಂಬೆಗಳ ಮೈಮೇಲೆ ಮರ, ಕಟ್ಟಡಗಳು ಬೆಳೆದಿದ್ದವು; ಸರ್ರಿಯಲಿಸ್ಟ್ ಕಲಾವಿದರು ಆ ಚಿತ್ರಗಳಿಗೆ ಮಾರುಹೋದರು. 1961ರ 'ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್' ಸಿನಿಮಾ ಶುರುವಾಗುವುದೂ ನಸುಕಿನ ಫಿಫ್ತ್ ಅವೆನ್ಯೂವಿನಲ್ಲಿ, ಟಿಫನಿ ಒಡವೆ ಅಂಗಡಿಯ ಗಾಜಿನಲ್ಲಿ ಆಡ್ರಿ ಹೆಪ್‌ಬರ್ನ್ ಬಿಂಬ ಕಾಣುತ್ತ. ಇತ್ತ ಅಂಗಡಿಗಳು ಪ್ರಚಾರಕ್ಕೆ ಹಂಚುವ ಫೋಟೋಗಳಲ್ಲಿ ಕತ್ತಲಾದ ಮೇಲೆ ತೆಗೆದವೇ ಹೆಚ್ಚು. ಇಲ್ಲವೆಂದರೆ ಮರುಬೆಳಕನ್ನು ತಡೆಯುವ ಪೋಲರೈಸಿಂಗ್ ಫಿಲ್ಟರಿನ ಸಹಾಯವಿರುತ್ತದೆ. ಮೊಬೈಲ್ ಫೋಟೋ ಷೋಕೇಸಿಗೆ ಅನ್ಯಾಯ ಮಾಡಿದರೆ ಪ್ರಚಾರದ ಫೋಟೋ ಅದಕ್ಕೆ ಕೃಪಾಂಕ ಕೊಡುತ್ತದೆ. ತೀರ್ಪುಗಾರರು ಚಪ್ಪಲಿ ಮೆಟ್ಟಿ ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಬೀದಿಗೇ ಹೋಗಬೇಕು.

ಗಾಜನ್ನು ಮಾಯ ಮಾಡಲು ಹೊರಟವರು

ಬಿಸಿಲನ್ನು ಮಂದ ಮಾಡಲಾಗದು. ಒಳಗಿನ ಬೆಳಕನ್ನು ನಾಲ್ಕು ಪಟ್ಟು ಏರಿಸಿದರೂ ಸಮಬಲವಷ್ಟೇ ಆದೀತು, ಬಟ್ಟೆಯ ಬಣ್ಣ ಬೇಗ ಮಾಸುತ್ತದೆ, ಕರೆಂಟ್ ಬಿಲ್ಲು ಬೇರೆ. ಉಳಿದದ್ದು ಆ ಎಂಟು ಪಾಲಿಗೇ ಕೈಹಾಕುವ ದಾರಿ. ಅಂಗಡಿಯ ಮುಂದೆ ಇಳಿಬಿಡುವ ಕ್ಯಾನ್ವಾಸಿನ ಮರೆ ಎಲ್ಲಕ್ಕಿಂತ ಹಳೆಯದು, ಇಂದಿಗೂ ಎಲ್ಲಕ್ಕಿಂತ ಅಗ್ಗದ್ದು. ಗಾಜಿನ ಮೇಲಂಚನ್ನು ಬೀದಿಯತ್ತ ಕೊಂಚ ವಾಲಿಸುವುದು ಇನ್ನೊಂದು. ಆಗ ಅದರಲ್ಲಿ ಎದುರು ಗೋಡೆಯ ಬದಲು ಕಪ್ಪಗಿನ ನೆಲ ಪ್ರತಿಬಿಂಬಿಸುತ್ತದೆ. ವಿಮಾನ ನಿಲ್ದಾಣದ ಕಂಟ್ರೋಲ್ ಟವರಿನ ಗಾಜುಗಳು ಹೊರಕ್ಕೆ ವಾಲಿಕೊಂಡಿರುವುದರಲ್ಲೂ ಇದೇ ಉಪಾಯವಿದೆ. ಅಲ್ಲಿ ತೊಂದರೆ ಕೊಡುವ ಬೆಳಕು ಒಳಗಿನದು.

1936ರಲ್ಲಿ ಲಂಡನ್ನಿನ ಪಿಕಡಿಲಿಯಲ್ಲಿ ಸಿಂಪ್ಸನ್ಸ್ ಎಂಬ ಬಟ್ಟೆ ಅಂಗಡಿ ತೆರೆಯಿತು. ವಾಸ್ತುಶಿಲ್ಪಿ ಜೋಸೆಫ್ ಎಂಬರ್ಟನ್ ಅದಕ್ಕೆ ಒಳಬಾಗಿದ ಗಾಜು ಕೂರಿಸಿದ. ಬಾಗನ್ನು ಎಷ್ಟು ಲೆಕ್ಕಹಾಕಿ ಮಾಡಿದ್ದರೆಂದರೆ, ನೋಡುವವರು ಎಲ್ಲಿ ಕಣ್ಣಿಟ್ಟರೂ ಅಲ್ಲಿಂದ ಮರಳಿ ಬರುವುದು ಬೀದಿಯ ಬೆಳಕಾಗಿರದೆ ಕಪ್ಪು ಬಳಿದ ಒಂದು ಮರೆಯದಾಗಿರುತ್ತಿತ್ತು. ಎಂಟು ಪಾಲು ಎಲ್ಲಿಗೂ ಹೋಗಿಲ್ಲ. ಕತ್ತಲೆಯ ಎಂಟು ಪಾಲಾಗಿದೆ ಅಷ್ಟೆ. ಗಾಜೇ ಇಲ್ಲವೇನೋ ಎನ್ನುವಂತೆ ಕಾಣುತ್ತಿತ್ತು. ಆ ಕಟ್ಟಡದಲ್ಲಿ ಈಗ ವಾಟರ್‌ಸ್ಟೋನ್ಸ್ ಪುಸ್ತಕದಂಗಡಿ ಇದೆ. ಈ ವಿನ್ಯಾಸ ಹೆಚ್ಚು ಹರಡದಿರಲು ಕಾರಣ ಊಹಿಸುವುದು ಕಷ್ಟವಲ್ಲ. ಬಾಗಿದ ಗಾಜು ದುಬಾರಿ, ಅದರ ಬಾಗಿಗೆ ಅಂಗಡಿಯ ಮುಂದಿನ ಬೆಲೆಬಾಳುವ ಜಾಗವೂ ಬೇಕು.

ಎಂಟನ್ನು ನಿಜವಾಗಿಯೇ ಇಳಿಸಿದ ಕಥೆ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಎಂಬ ಊರಿನದು. ಅಲ್ಲಿನ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿದ್ದ ಕ್ಯಾಥರಿನ್ ಬ್ಲಾಜೆಟ್, ಕೇಂಬ್ರಿಜ್ಜಿನಿಂದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆ. ನೀರಿನ ಮೇಲೆ ಸಾಬೂನಿನಂಥ ವಸ್ತುವಿನ ಪದರವನ್ನು ಹರಡಿ ಅದರಲ್ಲಿ ಗಾಜನ್ನು ಅದ್ದಿ ಎತ್ತಿದರೆ, ಒಂದೇ ಒಂದು ಅಣುವಿನಷ್ಟು ದಪ್ಪದ ಪೊರೆ ಗಾಜಿಗೆ ಅಂಟುತ್ತದೆ. ಹೀಗೆ ಅದ್ದಿ ಅದ್ದಿ 44 ಪೊರೆಗಳನ್ನು ಪೇರಿಸಿದಾಗ, 1938ರಲ್ಲಿ, ಗಾಜಿನ ಹೊಳಪೇ ಅಳಿಸಿಹೋಯಿತು. ಲಾರ್ಡ್ ಅಂಡ್ ಟೇಲರಿನ ಗಂಟೆಗಳು ತೂಗಾಡಿದ್ದೂ ಅದೇ ವರ್ಷ.

44ಕ್ಕೆ ಏನು ವಿಶೇಷ? ಬೆಳಕು ಅಲೆ. ಏರು, ಇಳಿ, ಮತ್ತೆ ಏರು. ಪೊರೆ ಬಳಿದ ಗಾಜಿನಲ್ಲಿ ಬೆಳಕು ಎರಡು ಕಡೆ ಮರಳುತ್ತದೆ, ಪೊರೆಯ ಮೇಲ್ಮೈಯಿಂದ ಒಮ್ಮೆ, ಪೊರೆ-ಗಾಜು ಸೇರುವ ಗಡಿಯಿಂದ ಇನ್ನೊಮ್ಮೆ. 44 ಪೊರೆಗಳ ದಪ್ಪ ಬೆಳಕಿನ ಒಂದು ಅಲೆಯ ಕಾಲುಭಾಗ. ಎರಡನೆಯ ಬೆಳಕು ಆ ಕಾಲುಭಾಗವನ್ನು ಇಳಿದು ಹತ್ತಿ ಬರುವಷ್ಟರಲ್ಲಿ ಮೊದಲನೆಯದಕ್ಕಿಂತ ಅರ್ಧ ಅಲೆ ಹಿಂದೆ ಬಿದ್ದಿರುತ್ತದೆ. ಒಂದರ ಏರಿಗೆ ಇನ್ನೊಂದರ ಇಳಿತ ಕೂಡಿ ಎರಡೂ ಅಳಿಯುತ್ತವೆ. ಹಾಗೆ ಅಳಿದ ಬೆಳಕು ನಷ್ಟವಾಗುವುದಿಲ್ಲ. ಮರಳಬೇಕಾದದ್ದು ಗಾಜನ್ನು ದಾಟಿಹೋಗುತ್ತದೆ. ಬ್ಲಾಜೆಟ್ ಅವರ ಪೊರೆ ಬೆರಳಿನಿಂದ ಒರೆಸಿದರೆ ಹೋಗುವಷ್ಟು ಮೆತ್ತಗಿತ್ತು. ನಂತರ ಬಂದ ಗಟ್ಟಿ ಲೇಪಗಳು ನಮ್ಮ ಕನ್ನಡಕಕ್ಕೆ, ಕ್ಯಾಮೆರಾ ಲೆನ್ಸಿಗೆ, ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಗಳಿಗೆ ಬಂದಿವೆ. ಒಳ್ಳೆಯ ಲೇಪವಿದ್ದರೆ ನೂರಕ್ಕೆ ಎಂಟು ಇದ್ದದ್ದು ಒಂದರ ಸುತ್ತಮುತ್ತ ಬಂದು ನಿಲ್ಲುತ್ತದೆ. ಮೊದಲಿನ ಲೆಕ್ಕಕ್ಕೆ ಹಾಕಿದರೆ 4 ಸಾವಿರದ ಜಾಗದಲ್ಲಿ 500 ಲಕ್ಸ್. ನಡುಮಧ್ಯಾಹ್ನದಲ್ಲೂ ಸೀರೆಗೆ ಗೆಲುವು! ದುಬಾರಿ ಬ್ರಾಂಡಿನ ಅಂಗಡಿಗಳು ಇಂಥ ಗಾಜು ಹಾಕಿಸುತ್ತಿವೆ. ಬೆಲೆಯ ಜೊತೆಗೆ ಅದಕ್ಕಿರುವ ಕಷ್ಟವೆಂದರೆ ಬೆರಳಚ್ಚು. ಮಾಮೂಲಿ ಗಾಜಿನ ಹೊಳಪಿನಲ್ಲಿ ಮುಚ್ಚಿಹೋಗುತ್ತಿದ್ದ ಜಿಡ್ಡಿನ ಕಲೆ ಇದರ ಮೇಲೆ ಎದ್ದು ಕಾಣುತ್ತದೆ. ಹಬ್ಬದ ದಿನಗಳಲ್ಲಿ ಮಕ್ಕಳು ಮೂಗು ಒತ್ತಿ ನಿಲ್ಲುವ ಗಾಜಿಗೆ ಇದು ಸಣ್ಣ ಸಮಸ್ಯೆಯಲ್ಲ.

ಇವೆಲ್ಲಕ್ಕಿಂತ ಸರಳವಾಗಿ ಗಾಜಿನ ತೊಂದರೆಯನ್ನು ನೀಗಿದವನು ಚಿತ್ರಕಾರ ಸಾಲ್ವಡಾರ್ ಡಾಲಿ. 1939ರಲ್ಲಿ ಫಿಫ್ತ್ ಅವೆನ್ಯೂವಿನ ಬಾನ್ವಿಟ್ ಟೆಲ್ಲರ್ ಅಂಗಡಿಗೆ ಅವನೊಂದು ಷೋಕೇಸ್ ಮಾಡಿಕೊಟ್ಟ. ತನ್ನನ್ನು ಕೇಳದೆ ಅಂಗಡಿಯವರು ಅದರ ಬೊಂಬೆಗಳನ್ನು ಬದಲಿಸಿದ್ದು ಕಂಡು ಕೆರಳಿ ಒಳಗೆ ನುಗ್ಗಿದ. ಅಲ್ಲಿದ್ದ ಸ್ನಾನದ ತೊಟ್ಟಿಯನ್ನು ಹಿಡಿದೆಳೆದ ರಭಸಕ್ಕೆ ತೊಟ್ಟಿ ಗಾಜನ್ನು ಒಡೆದುಕೊಂಡು ಬೀದಿಗೆ ಬಂತು, ಹಿಂದೆಯೇ ಡಾಲಿಯೂ ಬಂದ. ಪೊಲೀಸರು ಹಿಡಿದೊಯ್ದರು.

ಪರದೆ ಬಂದ ಮೇಲೆ

ಈಚೆಗೆ ಹಬ್ಬದ ಷೋಕೇಸುಗಳಲ್ಲಿ ಬೊಂಬೆಯ ಪಕ್ಕ ಎಲ್‌ಇಡಿ ಪರದೆಗಳೂ ಬಂದು ಕೂತಿವೆ. ಮೊಬೈಲ್ ಜಾಹೀರಾತು ಓದುವವರಿಗೆ ಪರದೆಯ ಹೊಳಪನ್ನು ನಿಟ್ ಎಂಬ ಮಾನದಲ್ಲಿ ಹೇಳುವುದು ಗೊತ್ತಿರುತ್ತದೆ. ಮನೆಯ ಮಾಮೂಲಿ ಟಿವಿ 300ರಿಂದ 500 ನಿಟ್. ಅದನ್ನೇ ತಂದು ಷೋಕೇಸಿನಲ್ಲಿಟ್ಟರೆ ಮಧ್ಯಾಹ್ನ ಅದು ಬರೀ ಕಪ್ಪು ಹಲಗೆ. ಬೀದಿಗೆ ಮುಖಮಾಡಿ ಇಡಲೆಂದೇ ತಯಾರಾಗುವ ಪರದೆಗಳ ಹೊಳಪು ಎರಡೂವರೆ ಸಾವಿರ ನಿಟ್ಟಿನಿಂದ ಶುರುವಾಗುತ್ತದೆ. ಈ ಅಂಕಿ ಎಲ್ಲಿಂದ ಬಂತು? ತಲೆಯ ಮೇಲಿನ ಬಿಸಿಲನ್ನೆಲ್ಲ ನೇರವಾಗಿ ಪಡೆದ ಬಿಳಿ ಗೋಡೆಯ ಹೊಳಪು ಸುಮಾರು 25 ಸಾವಿರ ನಿಟ್. ಅದರಲ್ಲಿ ನೂರಕ್ಕೆ ಎಂಟು ಎಂದರೆ 2 ಸಾವಿರ. ಬೀದಿಯ ಆ ಗರಿಷ್ಠ ಮರುಬೆಳಕನ್ನು ತುಸು ಮೀರಿಸುವಷ್ಟು ಹೊಳಪು ಬೇಕೆಂದರೆ ಎರಡೂವರೆ ಸಾವಿರವೇ ಆಗಬೇಕು.

ಅಷ್ಟು ಹೊಳಪನ್ನು ರಾತ್ರಿಯೂ ಹಾಗೆಯೇ ಬಿಟ್ಟರೆ ಎದುರಿಗೆ ಬಂದವರ ಕಣ್ಣು ಕೋರೈಸುತ್ತದೆ, ಪಕ್ಕದ ಬೊಂಬೆ ಕತ್ತಲೆಯಲ್ಲಿ ಮುಳುಗುತ್ತದೆ. ಹಾಗಾಗಿ ಒಳ್ಳೆಯ ಪರದೆಗಳಲ್ಲಿ ಬೀದಿಯ ಬೆಳಕನ್ನು ಅಳೆಯುವ ಪುಟ್ಟ ಸಂವೇದಕವಿರುತ್ತದೆ. ಹೊತ್ತು ಮುಳುಗಿದಂತೆ ಅದು ಹೊಳಪನ್ನು ತಾನಾಗಿ ಇಳಿಸುತ್ತದೆ. ನಮ್ಮ ಪೇಟೆಗಳಲ್ಲಿ ದೀಪಾವಳಿಯ ರಾತ್ರಿ ಅಡ್ಡಾಡಿದರೆ ಆ ಸಂವೇದಕವಿಲ್ಲದ ಪರದೆಗಳನ್ನು, ಅಥವಾ ಇದ್ದರೂ ಯಾರೋ ಆಫ್ ಮಾಡಿಟ್ಟ ಪರದೆಗಳನ್ನು ಗುರುತಿಸುವುದು ಸುಲಭ. ಅವುಗಳ ಪಕ್ಕದಲ್ಲಿರುವ ಸೀರೆಯ ಬಣ್ಣ ಯಾವುದೆಂದು ಕೇಳಿಕೊಳ್ಳಿ. ಹೇಳಲು ಬಾರದಿದ್ದರೆ ಸಂವೇದಕ ಆಫ್ ಆಗಿದೆ.